ಖಾಲಿ ಕುರ್ಚಿಯ ಹದಿನೆಂಟನೇ ನಿಮಿಷ

“ನಿಲ್ಲಿಸ್ರೀ! ಹ್ಯಾಂಗ್ ಆಗೈತೆ!”

ಕತ್ತಲ ಹಾಲ್‌ನಲ್ಲಿ ಬಿಂದು ಎದ್ದು ನಿಂತಿದ್ದಳು. ಇಪ್ಪತ್ತು ತಲೆಗಳು ಒಟ್ಟಿಗೇ ಅವಳತ್ತ ತಿರುಗಿದವು.

ಎಂ.ಸಿ.ಸಿ. ‘ಬಿ’ ಬ್ಲಾಕ್ ಬಡಾವಣೆಯ ಕ್ಲಿನಿಕ್ಕೊಂದರ ಮಹಡಿಯಲ್ಲಿ, ಭಾನುವಾರ ಮಧ್ಯಾಹ್ನ, ಚಿತ್ರಸಮಾಜದವರು ಪ್ರಯೋಗಾತ್ಮಕ ಸಿನಿಮಾ ತೋರಿಸುತ್ತಾರೆ. ಪ್ರಯೋಗ ನಿರ್ದೇಶಕರದು, ಇಲಿಗಳು ಪ್ರೇಕ್ಷಕರು. ಇವತ್ತಿನ ಚಲನಚಿತ್ರದಲ್ಲಿ ಚಿತ್ರವಿತ್ತು, ಚಲನ ನಾಪತ್ತೆ! ಹದಿನೇಳು ನಿಮಿಷದಿಂದ ಪರದೆಯ ಮೇಲೆ ಒಂದು ಖಾಲಿ ಪ್ಲಾಸ್ಟಿಕ್ ಕುರ್ಚಿ, ಹಿಂದೊಂದು ಕಿಟಕಿ, ಎಲ್ಲೋ ನೀರು ಬೀಳುವ ಸದ್ದು. ಅಷ್ಟೇ.

ಎಲ್ಲರೂ ಗಲ್ಲಕ್ಕೆ ಕೈಕೊಟ್ಟು ಗಂಭೀರವಾಗಿ ಕೂತಿದ್ದರು. ಆಕಳಿಕೆ ಬಂದವರು ಅದನ್ನೂ ಗಂಭೀರವಾಗಿಯೇ ನುಂಗಿದ್ದರು.

ಬಿಂದು ನೇರ ಹೋಗಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ಲೈಟ್ ಹತ್ತಿತು.

“ಹ್ಯಾಂಗ್ ಆಗಿರ್ಲಿಲ್ಲ ರೀ...” ಪಕ್ಕದಲ್ಲೇ ನಿಂತಿದ್ದ ಉದ್ದನೆಯ ಮನುಷ್ಯ ಮೆಲ್ಲಗೆ ಹೇಳಿದ. “ಅದೇ ಸಿನಿಮಾ. ಇನ್ನೊಂದೇ ನಿಮಿಷ ಇತ್ತು.”

ಅವನು ಅಂಜನ್. ಹರಿಹರದಲ್ಲಿ ಫೋಟೋ ಸ್ಟುಡಿಯೋ ಇಟ್ಟವನು, ಸಿನಿಮಾ ಅವನದೇ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇ ಬಿಂದುವಿಗೆ ಹೆಚ್ಚು ಚುಚ್ಚಿತು.

“ಆಳ ಐತಪ್ಪ, ಭಾಳ ಆಳ ಐತೆ!” ಎಂದರು ಸಮಾಜದ ಅಧ್ಯಕ್ಷರಾದ ಲಿಂಗಣ್ಣ ಮೇಷ್ಟ್ರು. “ಆ ನೀರಿನ ಸದ್ದು ಐತಲ್ಲ, ಅದು ಕಾಲಪ್ರವಾಹ!”

ಕಾಲಪ್ರವಾಹ ಚಹಾದ ಕಡೆ ಹರಿಯಿತು. ಅಂಜನ್ ಮಾತ್ರ ವೈರ್ ಸುತ್ತಿಕೊಂಡು ಮೆಟ್ಟಿಲಿಳಿದು ಹೋದ.

ತಡೆದು ಸಾರಿ ಅನ್ನಬೇಕು... ಆದರೆ ಬಿಂದುವಿನ ಕಾಲು ಏಳಲಿಲ್ಲ. ಆರು ದಿನದ ಡ್ಯೂಟಿ ಕಾಲಲ್ಲೇ ಕೂತಿತ್ತು. ಅವಳು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. “ಹಾಲ್‌ನಾಗೆ ಎಸಿ ಐತೆ, ಆರಾಮ್ ಮಲಗಬಹುದು ಬಾರೇ” ಎಂದು ಜೊತೆಗೆ ಕೆಲಸ ಮಾಡುವ ಸಬಾ ಕರೆತಂದಿದ್ದಳು. ನಿದ್ದೆ ಬರಲಿಲ್ಲ. ಆ ಕುರ್ಚಿ ಬಿಡಲಿಲ್ಲ.

ಬುಧವಾರ ಊಟದ ಡಬ್ಬಿ ಮುಚ್ಚುತ್ತಾ ಸಬಾ ಸುದ್ದಿ ತಂದಳು. “ನಿನ್ನ ಹೀರೋ ಇನ್ಮೇಲೆ ಸಿನಿಮಾನೇ ಮಾಡಲ್ಲವಂತೆ. ಆ ಕುರ್ಚಿ ಸಿನಿಮಾನೂ ಇವತ್ತೇ ಡಿಲೀಟ್ ಮಾಡ್ತೀನಿ ಅಂತ ಮೇಷ್ಟ್ರಿಗೆ ಮೆಸೇಜ್ ಹಾಕ್ಯಾನೆ.”

“ನನ್ನಿಂದನಾ?”

“ಮತ್ತೆ ನನ್ನಿಂದನಾ? ನಾನು ಗೊರಕೆ ಹೊಡೆದೆ, ಅಷ್ಟೇ!”

ಬಿಂದು ನಗಲಿಲ್ಲ. ‘ಅವರು ನನ್ನ ಎಷ್ಟು ಬೈಕೊಂಡಿರಬಹುದು... ಆ ಒಂದು ನಿಮಿಷದಲ್ಲಿ ಏನಿತ್ತು?’

ಮೂರಕ್ಕೆ ಡ್ಯೂಟಿ ಮುಗಿಯಿತು. ಮನೆಗೆ ಹೋಗಿ ಬಿದ್ದುಕೊಳ್ಳಬೇಕಿದ್ದವಳು ಹರಿಹರದ ಬಸ್ ಹತ್ತಿದಳು. ಅರ್ಧ ಗಂಟೆಯೂ ಕಂಬಿ ಹಿಡಿದು ನಿಂತೇ ಬಂದಳು.

ಸ್ಟುಡಿಯೋದಲ್ಲಿ ಅಂಜನ್ ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ. ಅವಳನ್ನು ನೋಡಿದ್ದೇ ಕತ್ತರಿ ನಿಂತಿತು.

“ಡಿಲೀಟ್ ಮಾಡಿದ್ರಾ?” ಅವಳಿಗೆ ಉಸಿರು ಹತ್ತಿತ್ತು.

“ಇನ್ನೂ ಇಲ್ಲ. ಕೂಡ್ರಿ ಮೊದ್ಲು.”

“ಬ್ಯಾಡ್ರಿ, ಮಾಡಬ್ಯಾಡ್ರಿ! ನನ್ ಮ್ಯಾಲೆ ಸಿಟ್ಟಿದ್ರೆ ಬೈದುಬಿಡ್ರಿ.”

“ಸಿಟ್ಟಾ?” ಅಂಜನ್ ಸೋತ ನಗೆ ನಕ್ಕ. “ಇಪ್ಪತ್ತು ಜನದಾಗ ನಿಜ ಹೇಳಿದ್ದು ನೀವೊಬ್ರೇ ರೀ. ಮನೆಗೆ ಬಂದು ನೋಡಿದೆ. ಹೌದಲ್ಲ, ಹ್ಯಾಂಗ್ ಆದಂಗೇ ಐತೆ ಅನ್ನಿಸ್ತು.”

ಬಿಂದು ಸ್ಟೂಲ್ ಮೇಲೆ ಕುಸಿದಳು. ಅವಳ ಸುಳ್ಳು ಈ ಮನುಷ್ಯನ ಮನೆಯಲ್ಲಿ ಮೂರು ದಿನದಿಂದ ನಿಜವಾಗಿ ಬಾಳುತ್ತಿತ್ತು!

“ನಾನು ನಿಜ ಹೇಳಿಲ್ಲ ರೀ... ಹ್ಯಾಂಗ್ ಆಗಿಲ್ಲ ಅಂತ ಗೊತ್ತಿತ್ತು. ಕಿಟಕಿ ಪರದೆ ಅಲ್ಲಾಡ್ತಿತ್ತು. ನಾನು ದಿನಾ ನಾಲ್ಕು ತಾಸು ಮೆಷಿನ್ ನೋಡ್ತಾ ಕೂರೋಳು, ಹದಿನೇಳು ನಿಮಿಷ ಯಾವ ಲೆಕ್ಕ? ನಮ್ಮಲ್ಲಿ ಆರು ಕುರ್ಚಿ ಅದಾವೆ. ವಿನೋಬನಗರದ ಸಣ್ಣಬೀರಪ್ಪಜ್ಜ ಮೂರು ವರ್ಷ ಒಂದೇ ಕುರ್ಚಿಗೆ ಬರ್ತಿದ್ದ. ಹೋದ ಶುಕ್ರವಾರ ಬರ್ಲಿಲ್ಲ. ನಮ್ಮಲ್ಲಿ ಯಾರೂ ಕೇಳಲ್ಲ... ಕುರ್ಚಿ ಖಾಲಿ ಇದ್ರೆ ತೀರ್ಕೊಂಡ್ರು ಅಂತ ಗೊತ್ತಾಗ್ತೈತೆ. ನಿಮ್ ಕುರ್ಚಿ ನೋಡಾಕೆ ಆಗ್ಲಿಲ್ಲ ನಂಗೆ. ಅದಕ್ಕೇ ಮುಚ್ಚಿದೆ.”

ಅಂಜನ್ ಕತ್ತರಿ ಕೆಳಗಿಟ್ಟ.

“ಎಲ್ರೂ ಅರ್ಥ ಆದಂಗೆ ನಟಿಸಿದ್ರು,” ಎಂದ. “ನೀವೊಬ್ರೇ ಅರ್ಥ ಆಗದಂಗೆ ನಟಿಸಿದ್ರಾ?”

“ಯಾರು ಕೂರ್ತಿದ್ರು ಅಲ್ಲಿ?”

“ನಮ್ಮವ್ವ. ಗುರುಶಾಂತಮ್ಮ.”

‘ಅವರೂ...?’ ಕೇಳುವ ಧೈರ್ಯ ಬಿಂದುವಿಗೆ ಬರಲಿಲ್ಲ. ಅವನು ಕಂಪ್ಯೂಟರ್ ತಿರುಗಿಸಿದ. “ಪೂರ್ತಿ ನೋಡ್ತೀರಾ?”

ನೋಡಿದರು. ಕುರ್ಚಿ, ಕಿಟಕಿ, ನೀರು. ಬಿಂದು ದುಪಟ್ಟಾದ ತುದಿಯನ್ನು ಹಗ್ಗದಂತೆ ಹೊಸೆದಳು. ಈ ಸಲ ಕಣ್ಣು ತಪ್ಪಿಸಲಿಲ್ಲ. ನೋಡುತ್ತಾ ನೋಡುತ್ತಾ ಕುರ್ಚಿಯ ಕೈಯಲ್ಲಿ ಸವೆದ ಜಾಗ ಕಂಡಿತು, ಬಿಸಿಲು ಒಂದು ಗೇಣು ಸರಿದದ್ದು ಕಂಡಿತು. ಕಾಯುವುದಕ್ಕೂ ಒಂದು ಮುಖವಿತ್ತು!

ಹದಿನೆಂಟನೇ ನಿಮಿಷ. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಒಬ್ಬ ಹೆಂಗಸು ಬಂದು, “ಉಸ್ಸಪ್ಪಾ...” ಎಂದು ಕುರ್ಚಿಯಲ್ಲಿ ಕೂತಳು. ಕ್ಯಾಮೆರಾ ಕಡೆ ನೋಡಿ, “ಇನ್ನೂ ಹಿಡೀತಿದೀಯೇನೋ? ನಲ್ಲಿ ನೀರು ಬಂದಿತ್ತು ಕಣೋ!”

ಸಿನಿಮಾ ಮುಗಿಯಿತು.

ಬಿಂದು ಬಿಕ್ಕಿ ಬಿಕ್ಕಿ ಅತ್ತಳು. ಬಂದು ಕೂತರಲ್ಲ... ಒಬ್ಬರಾದರೂ ಬಂದು ಕೂತರಲ್ಲ!

“ಯಾರನ್ನೋ ಅಳಿಸ್ತಿದೀಯ?” ಸ್ಟುಡಿಯೋ ಹಿಂದಿನ ಮನೆಯಿಂದ ಅದೇ ದನಿ. ಗುರುಶಾಂತಮ್ಮನೇ ಬಾಗಿಲಿಗೆ ಬಂದು ಇಣುಕಿದರು. “ಇವನ ಸಿನಿಮಾ ತೋರಿಸಿದನೇನವ್ವ? ನಂಗೂ ಅಳು ಬಂದಿತ್ತು, ಬ್ಯಾಸರಕ್ಕೆ! ಇರು, ಚಾ ಇಡ್ತೀನಿ.”

ಅಳುತ್ತಲೇ ಬಿಂದು ನಕ್ಕಳು. ಅವರು ಒಳಗೆ ಹೋದರು.

“ಡಿಲೀಟ್ ಮಾಡಲ್ಲ,” ಎಂದ ಅಂಜನ್. ಆಮೇಲೆ ಕತ್ತರಿಯನ್ನು ಸುಮ್ಮನೆ ಅತ್ತಿತ್ತ ಸರಿಸಿದ. “ನಾಳೆ ಡ್ಯೂಟಿ ಎಷ್ಟೊತ್ತಿಗೆ ಮುಗೀತೈತೆ?”

“ಮೂರಕ್ಕೆ. ಒಂದೊಂದ್ಸಲ ಐದೂ ಆಗ್ತೈತೆ. ಯಾಕ?”

“ಆಸ್ಪತ್ರೆ ಗೇಟ್ ಹತ್ರ ಕಾಯ್ತೀನಿ.” ಅವನ ಕಿವಿ ಕೆಂಪಾಗಿತ್ತು. “ನೀವಂದ್ರೆ... ಇಷ್ಟ ಆಗೈತೆ ರೀ.”

ಸುಳ್ಳು ಹೇಳಲು ಬಿಂದುವಿಗೆ ಇನ್ನು ಶಕ್ತಿಯಿರಲಿಲ್ಲ.

“ನಂಗೆ ಭಾಳ ಸುಸ್ತು ರೀ. ಒಂದೊಂದಿನ ಮಾತೂ ಬರಲ್ಲ. ಸುಮ್ನೆ ಕೂತಿರ್ತೀನಿ. ನಿಮಗೆ ಬ್ಯಾಸರ ಆಗ್ತೈತೆ.”

“ಸುಮ್ನೆ ಕೂತಿರೋದನ್ನ ನೋಡೋದೇ ನನ್ ಕಸುಬು!”

ಅವಳು ಮುಖ ಒರೆಸಿಕೊಂಡಳು.

“ಹಂಗಾರೆ ಬರ್ರಿ... ತಡ ಆತು ಅಂತ ಹೋಗಿಬಿಡಬ್ಯಾಡ್ರಿ.”

“ಹೋಗಲ್ಲ ರೀ.”