ವಾಸನೆ ನಿಂತ ಮೇಲೆ

ಒಂದಾನೊಂದು ಕಾಲದಲ್ಲಿ, ಜನ ಬಿಟ್ಟುಹೋದ ಒಂದು ಗುಂಡಿಯಲ್ಲಿ, ಒಬ್ಬ ರಕ್ಕಸನಿದ್ದನಂತೆ. ಅವನಿಗೆ ಕೈಯಿಲ್ಲ, ಕಾಲಿಲ್ಲ, ಕೋರೆಹಲ್ಲಿಲ್ಲ. ಮೈಯೆಂದರೆ ಬರೀ ವಾಸನೆ. ವಾಸನೆ ಬರುತ್ತಿದೆಯೇ? ಅವನಿನ್ನೂ ದೂರ ಇದ್ದಾನೆ, ಓಡು. ವಾಸನೆ ನಿಂತಿತೇ? ನಿನ್ನ ಹೆಗಲೇರಿ ಕೂತಿದ್ದಾನೆ.

ಇದು ನಮ್ಮಜ್ಜಿಯ ಕತೆ. ಅಣ್ಣ, ನಾನು ಒಂದೇ ಕಂಬಳಿಯೊಳಗೆ ಮುದುಡಿಕೊಂಡು ಕೇಳುತ್ತಿದ್ದೆವು. ಅರ್ಧ ಕತೆಗೇ ಅಣ್ಣ ಗೊರಕೆ ಹೊಡೆಯುತ್ತಿದ್ದ.

ಕೊನೆಯ ಸಾಲನ್ನು ಅವನು ಒಂದು ಸಲವೂ ಕೇಳಿಸಿಕೊಳ್ಳಲಿಲ್ಲ.

ಇರಲಿ. ಈಗ ನನ್ನ ಕತೆ ಕೇಳಿ.

ನನ್ನ ಸ್ಕೂಟರಿನ ಬೆನ್ನ ಹಿಂದೆ ಒಂದು ಟ್ಯಾಂಕರ್! ತುಂಬ ಆಸಿಡ್! ಮಟಮಟ ಮಧ್ಯಾಹ್ನ. ಕಲ್ಲುಕ್ವಾರಿಯ ಧೂಳಿನ ದಾರಿ. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ಕನ್ನಡಿಯಲ್ಲಿ ಅದರ ಬಂಪರ್ ದೊಡ್ಡದಾಗುತ್ತ ಬರುತ್ತಿದೆ...

ನಿಲ್ಲಿಸಿದರೆ ಅಪ್ಪಚ್ಚಿ. ಮುಂದೆ ದಾರಿ ಒಂದೇ: ಕ್ವಾರಿಯ ತಳಕ್ಕಿಳಿಯುವ ಇಳಿಜಾರು.

ಇಳಿದೆ!

ಟ್ಯಾಂಕರ್ ಇಳಿಯಲಿಲ್ಲ. ಇಳಿಜಾರಿನ ಬಾಯಿಗೆ ಅಡ್ಡ ನಿಂತಿತು, ಬಾಟಲಿಗೆ ಬಿರಡೆ ಹಾಕಿದ ಹಾಗೆ.

ನಾನು ವಿಷದ ಕಸದ ಇನ್‌ಸ್ಪೆಕ್ಟರ್. ಕಾರ್ಖಾನೆಯ ವಿಷ ಯಾವ ಗಾಡಿ ಹತ್ತಿತು, ಸಂಸ್ಕರಣಾ ಘಟಕಕ್ಕೆ ತಲುಪಿತೋ ಇಲ್ಲವೋ, ಕೊನೆಗೆ ಎಲ್ಲಿ ಮಣ್ಣಾಯಿತು... ಅದರ ಬೆನ್ನು ಬೀಳುವುದೇ ನನ್ನ ಕೆಲಸ. ಡ್ರೈವರುಗಳು ನನ್ನ ಬೆನ್ನ ಹಿಂದೆ ವಿಷಕನ್ಯೆ ಅನ್ನುತ್ತಾರೆ. ಎದುರಿಗೆ ಮೇಡಂ. ಒಬ್ಬ ಡ್ರೈವರ್ ಮಾತ್ರ ಪುಟ್ಟಿ ಅನ್ನುತ್ತಿದ್ದ.

ಅಣ್ಣ.

ಹೋದ ತಿಂಗಳು ಅಣ್ಣನೂ ಅವನ ಟ್ಯಾಂಕರೂ ಒಟ್ಟಿಗೇ ಮಾಯವಾದವು. ಟ್ಯಾಂಕರಿನ ಮಾಲೀಕ ಸೆಂಟು. ಹೆಸರು ನಾವಿಟ್ಟದ್ದು, ಅವನು ಬರುವ ಮೊದಲೇ ಅವನ ಸೆಂಟಿನ ಘಾಟು ಬರುತ್ತಿತ್ತು. ಅವನು ಪೊಲೀಸರಿಗೆ ಹೇಳಿದ್ದು ಇಷ್ಟೇ: “ಆಸಿಡ್ಡನ್ನ ಘಟಕದಲ್ಲಿ ಇಳಿಸಿದಾನೆ. ಖಾಲಿ ಗಾಡಿ ಮಾರ್ಕೊಂಡು ಓಡಿಹೋಗಿದಾನೆ. ಕಳ್ಳ ನನ್ಮಗ!”

ಪುರಾವೆ? ಗಾಡಿಯ ಜಿಪಿಎಸ್. ಆಫೀಸಿನ ಕಂಪ್ಯೂಟರಿನಲ್ಲಿ ಕೆಂಪು ಚುಕ್ಕೆ ಕಾರ್ಖಾನೆಯಿಂದ ಹೊರಟು, ನೆಟ್ಟಗೆ ಘಟಕ ತಲುಪಿತ್ತು. ಗೇಟಿನವನಿಗೂ ಸೆಂಟಿಗೂ ಗಳಸ್ಯ ಕಂಠಸ್ಯ. ಬಂದಿತ್ತು ಅಂದ. ಮುಗಿಯಿತು!

ಅತ್ತಿಗೆಗೆ ಮುಗಿದಿರಲಿಲ್ಲ.

ಅಣ್ಣ ಓಣಿಯ ತಿರುವಿನಲ್ಲಿ ಎರಡು ಹಾರ್ನ್ ಹೊಡೆಯುತ್ತಿದ್ದ. ಅತ್ತಿಗೆ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಚಿಲಕ ತೆಗೆಯುತ್ತಿದ್ದಳು. ಅವನು ಹೋದ ಮೇಲೂ ಸಂಜೆ ತಿರುವಿನಲ್ಲಿ ಎರಡು ಹಾರ್ನ್ ಕೇಳಿಸುತ್ತಿತ್ತು. ಅವಳು ಚಿಲಕ ತೆಗೆಯುತ್ತಿದ್ದಳು. ಓಣಿ ಖಾಲಿ. ಮತ್ತೆ ಹಾಕುತ್ತಿದ್ದಳು.

“ನಿನಗೂ ಕೇಳಿಸ್ತಾ?” ಅಂದಳು ಒಂದು ಸಂಜೆ.

“ಇಲ್ಲ ಅತ್ತಿಗೆ,” ಅಂದೆ.

ಸುಳ್ಳು. ಕೇಳಿಸಿತ್ತು.

ಅವಳ ಮನಸ್ಸು ಬೇರೆ ಕಡೆ ತಿರುಗಿಸೋಣವೆಂದು ಫೋನಿನಲ್ಲಿ ಆ ಚುಕ್ಕೆಯ ದಾರಿ ತೋರಿಸಿದೆ. ಅವಳು ಬೆರಳಿಟ್ಟು ನೋಡುತ್ತ ಹೋದಳು. ತಟ್ಟನೆ ನಿಂತಳು.

“ಇದು ರೈಲ್ವೆ ಬ್ರಿಜ್ ಅಲ್ವಾ? ಅದರ ಕೆಳಗೆ ನಿಮ್ಮಣ್ಣನ ಗಾಡಿ ಹಿಡಿಯಲ್ವಲ್ಲೇ!”

ಹೌದು! ಆ ಸೇತುವೆಯ ಕೆಳಗೆ ಕಾರು ನುಸುಳಬಹುದು. ಆಂಬುಲೆನ್ಸ್ ನುಸುಳಬಹುದು. ಟ್ಯಾಂಕರ್ ನುಸುಳಬೇಕಾದರೆ ಮಲಗಿಕೊಂಡೇ ಹೋಗಬೇಕು!

ಚುಕ್ಕೆ ಹೋಗಿತ್ತು. ಗಾಡಿ ಹೋಗಿರಲಿಲ್ಲ. ಸೆಂಟು ಜಿಪಿಎಸ್ ಡಬ್ಬಿ ಬಿಚ್ಚಿ ಕಾರಿನಲ್ಲಿ ಕಳಿಸಿದ್ದ. ಕಾರಿನವನು, ಪಾಪ, ಸುತ್ತು ಯಾಕೆಂದು ಒಳದಾರಿ ಹಿಡಿದಿದ್ದ.

ಮಡೆಯ!

“ಅವರನ್ನ ಮನೆಗೆ ಕರ್ಕೊಂಡು ಬಾ,” ಅಂದಳು ಅತ್ತಿಗೆ. “ಹೇಗಿದ್ರೂ ಸರಿ.”

“ಕರ್ಕೊಂಡು ಬರ್ತೀನಿ.”

ಡಬ್ಬಿ ಬಿಚ್ಚುವಷ್ಟು ಹೊತ್ತು ಚುಕ್ಕೆ ಒಂದು ಕಡೆ ನಿಂತಿತ್ತು. ಅಲ್ಲಿಂದ ಹೊರಡುವ ಕಚ್ಚಾರಸ್ತೆ ಒಂದೇ. ಪಾಳುಬಿದ್ದ ಕಲ್ಲುಕ್ವಾರಿಗೆ. ಹೊರಡುವ ಮೊದಲು ಆಫೀಸಿನಲ್ಲಿ ಹೇಳಿಹೋದೆ. ಅದೇ ನನ್ನ ತಪ್ಪು. ಯಾರೋ ಸೆಂಟಿಗೆ ಊದಿದರು.

ಹಾಗೆ ನಾನು ಕ್ವಾರಿಯ ತಳದಲ್ಲಿದ್ದೆ.

ಬೆನ್ನಿಗೆ ಗಾಳಿಯ ಸಿಲಿಂಡರ್. ಮಾಸ್ಕ್ ಬಿಗಿದೆ. ಎದುರಿಗೆ ಕಪ್ಪು ಕೆಸರಿನ ಹೊಂಡ. ಚರ್ಮ ಹದ ಮಾಡುವವರ ಕೊಚ್ಚೆ, ವರ್ಷಗಟ್ಟಲೆ ಕದ್ದು ಸುರಿದದ್ದು. ಆ ಕೊಚ್ಚೆಗೆ ಆಸಿಡ್ ಬಿದ್ದರೆ ಗ್ಯಾಸ್ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಭಾರದ ಗ್ಯಾಸು, ತಗ್ಗು ಹುಡುಕಿಕೊಂಡು ಕೂರುತ್ತದೆ.

ಹೊಂಡದ ಅಂಚಿನಲ್ಲಿ ಅಣ್ಣನ ಟ್ಯಾಂಕರ್.

ಕಿಟಕಿಯ ಧೂಳು ಒರೆಸಿದೆ.

ಅಣ್ಣ ಸ್ಟೀರಿಂಗಿಗೆ ತಲೆ ಕೊಟ್ಟು ಮಲಗಿದ್ದ. ಬಲಗೈ ಹಾರ್ನಿನ ಮೇಲಿತ್ತು.

ಇಲ್ಲ, ಅಳಲಿಲ್ಲ. ಮಾಸ್ಕಿನೊಳಗೆ ಅತ್ತರೆ ಗಾಜು ಮಂಜಾಗುತ್ತದೆ.

“ಮೇಡಂ!” ಮೇಲಿಂದ ಸೆಂಟಿನ ಕೂಗು. “ಅಣ್ಣ ತಂಗಿ ಮಾತಾಡಿದ್ದು ಆಯ್ತಾ?”

“ಆಸಿಡ್ ಬಿಡಬೇಡ ಸೆಂಟು! ನೀನೂ ಸಾಯ್ತೀಯ!”

“ನಾನು ಮೇಲಿದೀನಿ ಮೇಡಂ. ಸಾಯೋರು ಕೆಳಗಿರ್ತಾರೆ. ಆ ಸಿಲಿಂಡರ್ ಎಷ್ಟು ಹೊತ್ತು ಬರುತ್ತೆ?”

“ನಿನ್ನ ಪುಣ್ಯಕ್ಕಿಂತ ಜಾಸ್ತಿ ಹೊತ್ತು!”

“ಕಾಯೋಣ ಬಿಡಿ. ಲೇ ಗೋಣಿ! ವಾಲ್ವ್ ತಿರುಗಿಸೋ!”

ಗೋಣಿ ಅವನ ಡ್ರೈವರ್. ಮೂಟೆಯಂಥ ಆಳು, ಮಗುವಿನಂಥ ಮುಖ. ಪೈಪಿನಿಂದ ಆಸಿಡ್ ಸುರಿಯಿತು. ಹೊಂಡ ಕುದಿಯಿತು... ಬುಸುಗುಟ್ಟಿತು... ನನ್ನ ಸೊಂಟದ ಗ್ಯಾಸ್ ಮೀಟರ್ ಚೀರತೊಡಗಿತು.

ಸೆಂಟು ಕರವಸ್ತ್ರ ಮೂಗಿಗೊತ್ತಿಕೊಂಡ. “ಥೂ! ಮೊಟ್ಟೆ ನಾತ!”

ನಾನು ಟ್ಯಾಂಕರಿನ ಮರೆಗೆ ಸರಿದು ಕೂತೆ. ಗಾಜಿನಾಚೆ ಅಣ್ಣ. ಸಿಲಿಂಡರಿನ ಮುಳ್ಳು ಕೆಂಪಿನ ಕಡೆ ಇಳಿಯುತ್ತಿತ್ತು. ಮೀಟರಿನ ಚೀರಾಟದ ನಡುವೆ ಸ್ಪಷ್ಟವಾಗಿ ಕೇಳಿಸಿತು... ಎರಡು ಹಾರ್ನ್.

ಪಾಳುಬಿದ್ದ ಗಾಡಿ. ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ!

ಸ್ವಲ್ಪ ಹೊತ್ತಿಗೆ ಸೆಂಟು ಕರವಸ್ತ್ರ ಕೆಳಗಿಳಿಸಿದ. ಗಾಳಿ ಮೂಸಿದ. ನಕ್ಕ.

“ನಾತ ಹೋಯ್ತು ಕಣೋ ಗೋಣಿ! ಗಾಳಿ ಹೊಡ್ಕೊಂಡು ಹೋಯ್ತು. ಇವಳ ಕತೆನೂ ಮುಗಿದಿರುತ್ತೆ. ಫೋಟೋ ಗೀಟೋ ತೆಗೆದಿದ್ರೆ... ಇರು, ಅವಳ ಫೋನ್ ತರ್ತೀನಿ.”

ವಾಸನೆ ಹೋಗಿರಲಿಲ್ಲ. ಅವನ ಮೂಗು ಸತ್ತಿತ್ತು! ಈ ಗ್ಯಾಸ್ ಮೊದಲು ಕೊಲ್ಲುವುದೇ ಮೂಗನ್ನು. ಆಮೇಲೆ ಉಳಿದದ್ದನ್ನು.

ಮರೆಯಿಂದೆದ್ದು ಎರಡೂ ಕೈ ಬೀಸಿದೆ. “ಬರಬೇಡ! ವಾಸನೆ ನಿಂತ್ರೆ ಬರಬಾರದು! ಮೇಲೆ ಓಡು!”

“ಬದುಕಿದಾಳೆ! ಹೆದರ್ಕೊಂಡಿದಾಳೆ ನೋಡೋ!”

ನಗುತ್ತಲೇ ಇಳಿದ. ಒಂದು ಹೆಜ್ಜೆ... ಇನ್ನೊಂದು... ನಗು ಅರ್ಧಕ್ಕೆ ನಿಂತಿತು. ದಾರ ಕಡಿದ ಬೊಂಬೆಯ ಹಾಗೆ ಕುಸಿದ.

“ಅಣ್ಣಾವ್ರೇ!” ಗೋಣಿ ನುಗ್ಗಿದ.

“ಅಲ್ಲೇ ನಿಲ್ಲೋ!” ಗಂಟಲು ಹರಿಯುವ ಹಾಗೆ ಕೂಗಿದೆ. “ಒಬ್ಬನ್ನ ಎತ್ತೋಕೆ ಇಳಿದ್ರೆ ಇಬ್ಬರು ಹೆಣ! ವಾಲ್ವ್ ಮುಚ್ಚು! ಹಗ್ಗ ಎಸಿ!”

ಗೋಣಿ ವಾಲ್ವ್ ಮುಚ್ಚಿದ. ಗಾಡಿ ಎಳೆಯುವ ಹಗ್ಗ ಎಸೆದ.

ಸೆಂಟನ್ನು ಅಲ್ಲೇ ಬಿಡಬಹುದಿತ್ತು. ಹಗ್ಗ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತೆ ಕೂಡ. ಆದರೆ ಅಣ್ಣನನ್ನು ಕಳ್ಳ ಅಂದ ಬಾಯಿ ಅದು. ಆ ಮಾತನ್ನು ಅದೇ ಬಾಯಿಂದ ವಾಪಸ್ ನುಂಗಿಸಬೇಕಿತ್ತು.

ಕಂಕುಳಿಗೆ ಹಗ್ಗ ಬಿಗಿದೆ. “ಎಳಿ!”

ಮೇಲೆ ಬಂಡೆಯ ಮೇಲೆ, ಗಾಳಿ ಬೀಸುವ ಕಡೆ ಅವನನ್ನು ಒಯ್ದು ಮಲಗಿಸಿದೆವು. ಉಸಿರಿತ್ತು. ಗಾಳಿ ಮುಗಿಯಿತೆಂದು ನನ್ನ ಸಿಲಿಂಡರಿನ ಸೀಟಿ ಕೂಗುತ್ತಿತ್ತು. ಗೋಣಿ ಮಂಡಿಯೂರಿ ಬಿಕ್ಕಿದ.

“ಆವತ್ತೂ ಹಿಂಗೇ ಅಕ್ಕಾ... ನಿಮ್ಮಣ್ಣ ವಾಲ್ವ್ ಬಿಟ್ಟ, ನಾತ ಅಂತ ಮೇಲೆ ಓಡಿ ಬಂದುಬಿಟ್ಟಿದ್ದ. ಬಚಾವಾಗಿದ್ದ! ಇವರೇ ಅಂದ್ರು, ನಾತ ಹೋಯ್ತು, ಹೋಗಿ ಗಾಡಿ ತಗೊಂಡು ಬಾ ಅಂತ. ಹೋದ. ಹತ್ತಿ ಕೂತ. ಎರಡು ಹಾರ್ನ್ ಹೊಡೆದ... ಆಮೇಲೆ ಇಲ್ಲ.”

ಕೊನೆಯ ಸಾಲು, ಅಣ್ಣಾ. ನೀನು ನಿದ್ದೆ ಹೋಗಬಾರದಿತ್ತು.

ಆಮೇಲಿನದು ನನ್ನ ಕಸುಬಿನ ಮಾತು. ಹೊಂಡ ಹೀರಿ, ಸುಣ್ಣ ಹಾಕಿ ಆಸಿಡ್ ಮುರಿದು, ಕೆಸರನ್ನು ಸಿಮೆಂಟಿನಲ್ಲಿ ಕಲಸಿ ಕಲ್ಲು ಮಾಡಿ, ಘಟಕದ ಪ್ಲಾಸ್ಟಿಕ್ ಹಾಸಿನ ಗುಂಡಿಯಲ್ಲಿ ಹೂಳುತ್ತಿದ್ದಾರೆ. ರಕ್ಕಸ ಸಾಯುವುದಿಲ್ಲ. ಮುಚ್ಚಳ ಕಾಯುತ್ತಿರಬೇಕು, ಅಷ್ಟೇ. ಸೆಂಟು ಜೈಲಿನ ಆಸ್ಪತ್ರೆಯಲ್ಲಿ ಎಲ್ಲ ಕಕ್ಕಿದ. ಅವನಿಗೀಗ ತನ್ನ ಸೆಂಟಿನ ವಾಸನೆಯೂ ತಿಳಿಯುವುದಿಲ್ಲವಂತೆ.

ಗ್ಯಾಸ್ ಇಳಿದ ಮೇಲೆ ಅಗ್ನಿಶಾಮಕದವರು ಅಣ್ಣನನ್ನು ಎತ್ತಿಕೊಟ್ಟರು. ಆಂಬುಲೆನ್ಸಿನಲ್ಲಿ ನಾನು ಪಕ್ಕದಲ್ಲೇ ಕೂತೆ.

“ಯಾವ ಕಡೆ ಹೋಗ್ಲಿ ಮೇಡಂ?” ಅಂದ ಡ್ರೈವರ್.

“ಒಳದಾರಿ. ಓಣಿ ತಿರುವಿನಲ್ಲಿ ಎರಡು ಹಾರ್ನ್ ಹೊಡಿ.”

“ಯಾರಿಗೆ ಮೇಡಂ?”

“ಬಾಗಿಲು ತೆಗೀತಾರೆ.”

ಹೊಡೆದ. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಚಿಲಕ ತೆಗೆದಳು. ಈ ಸಲ ಓಣಿ ಖಾಲಿಯಿರಲಿಲ್ಲ. ಅವಳು ಅಳಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು ಗೋಡೆಗೆ ಒರಗಿಸಿದಳು.

“ಇಷ್ಟು ಬೇಗ... ಯಾವ ದಾರಿಯಲ್ಲಿ ಬಂದ್ರಿ?”

“ಬ್ರಿಜ್ ಕೆಳಗೆ ಅತ್ತಿಗೆ.”

“ಅಲ್ಲಿ ಹಿಡಿಯಲ್ವಲ್ಲೇ...”

“ಈ ಸಲ ಹಿಡೀತು,” ಅಂದೆ. “ಮಲಗಿಕೊಂಡು ಬಂದ.”