ಆರ್ಡೂ ನದಿಯ ದ್ವಾದಶಿ

ನವೆಂಬರ್ ಮೊದಲ ಸೋಮವಾರ ಬೆಳಿಗ್ಗೆ ಕಲ್ಯಾಣಿ ಕೊಲಿಂಡೇಲ್ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟಳು. ಲಂಡನ್ನಿನಲ್ಲಿ ಎಫ್‌ಐಆರ್ ಇಲ್ಲ, ಪಂಚನಾಮೆಯೂ ಇಲ್ಲ. ಒಂದು ಕ್ರೈಮ್ ನಂಬರ್ ಕೊಟ್ಟು ಮನೆಗೆ ಕಳಿಸುತ್ತಾರೆ. ಇನ್‌ಸ್ಪೆಕ್ಟರ್ ಪ್ರಾಚಿ ಹಾಗೆ ಕಳಿಸಲಿಲ್ಲ. ಅವಳು ಧಾರವಾಡದ ಡಾಕ್ಟರ ಮಗಳು. ಬೆಳೆದದ್ದು ಇಲ್ಲೇ ಆದರೂ ಕನ್ನಡ ಬಿಟ್ಟಿರಲಿಲ್ಲ.

"ನನ್ನ ಗಂಡ ಸಂದೀಪ್ ಹೋದ ತಿಂಗಳು ಸ್ಕಾಟ್ಲೆಂಡ್‌ನಲ್ಲಿ ನದೀಲಿ ದೋಣಿ ಮಗುಚಿ ತೀರ್ಕೊಂಡ್ರು ಮೇಡಂ. ಪೊಲೀಸ್ ರಿಪೋರ್ಟಲ್ಲಿ ಭಾನುವಾರ ಅಂತಿದೆ. ಇಲ್ಲೇ ಹೇಸ್‌ನಲ್ಲಿರೋ ನಮ್ಮ ಪುರೋಹಿತರು, ಆಚಾರ್ರು, ಮಾಸಿಕ ಶ್ರಾದ್ಧ ದ್ವಾದಶಿಗೆ ಅಂತಾರೆ. ದ್ವಾದಶಿ ಇದ್ದಿದ್ದು ಶನಿವಾರ."

"ತಿಥಿ ಹೇಳಿದ್ದು ಯಾರು?"

"ಲೋಕೇಶ. ದೋಣೀಲಿ ಅವರ ಜೊತೆಗಿದ್ದೋನು. ನಂಗಾಗ ಪ್ರಜ್ಞೆನೇ ಇರ್ಲಿಲ್ಲ, ಎಲ್ಲಾ ಅವನೇ ನೋಡ್ಕೊಂಡ. ತಿಥಿ ತಪ್ಪಿದ್ರೆ ಇಟ್ಟ ಅನ್ನ ಅವರಿಗೆ ಸೇರಲ್ಲ. ನನ್ನ ಗಂಡ ಯಾವತ್ತು ಹೋದ್ರು ಅಂತಾದ್ರೂ ಗೊತ್ತಾಗ್ಬೇಡ್ವಾ?"

ಪ್ರಾಚಿ ಎರಡು ದಿನದಲ್ಲಿ ಸ್ಕಾಟ್ಲೆಂಡ್ ಪೊಲೀಸರಿಂದ ಕಡತ ತರಿಸಿದಳು. ಸಂದೀಪ್ ಸತ್ತ ಆರ್ಡೂ ನದಿ ಹುಟ್ಟುವುದು ಜನವಸತಿಯೇ ಇಲ್ಲದ ಜವುಗು ಬಯಲಿನಲ್ಲಿ. ಅಲ್ಲಿನ ಕೊಳೆತ ಹುಲ್ಲುಮಣ್ಣಿನಿಂದ ನೀರು ಚಹಾದ ಡಿಕಾಕ್ಷನ್ನಿನಷ್ಟು ಕಪ್ಪು. ಆಮೇಲೆ ಅದು ಕಿರಿದಾದ ಕಮರಿಗೆ ಧುಮುಕಿ ಸಮುದ್ರ ಸೇರುತ್ತದೆ. ಹಿಂದೆ ಈ ನದಿಯಲ್ಲಿ ಪೈನ್ ದಿಮ್ಮಿ ತೇಲಿಬಿಡುತ್ತಿದ್ದರು. ಆಗ ಮುಳುಗಿ ಸತ್ತ ಕೂಲಿಗಳ ಸಮಾಧಿಯ ಕಲ್ಲುಗುಡ್ಡೆಗಳು ದಡದಲ್ಲಿ ಇನ್ನೂ ಇವೆ. ಈಗ ಅವುಗಳ ಪಕ್ಕದಲ್ಲೇ ರಜೆಯ ಮಂದಿ ಟೆಂಟ್ ಹೊಡೆಯುತ್ತಾರೆ. ಕಮರಿ ಬಂದಾಗ ದೋಣಿ ಹೊತ್ತು ನಡೆಯುವುದು ಬಲ್ಲವರ ವಾಡಿಕೆ.

ಲೋಕೇಶನ ಹೇಳಿಕೆ ಹೀಗಿತ್ತು: ಭಾನುವಾರ ಬೆಳಗಿನ ಜಾವ ಕಮರಿಯಲ್ಲಿ ದೋಣಿ ಮಗುಚಿತು, ಕೂಡಲೇ ಸಹಾಯಕ್ಕೆ ಕರೆದೆ. ಶವ ಕಮರಿಯ ಬಂಡೆಯೊಂದರ ಮೇಲೆ ಸಿಕ್ಕಿತ್ತು. ಮರಣೋತ್ತರ ವರದಿಯಲ್ಲೂ ಭಾನುವಾರ ಬೆಳಗಿನ ಜಾವ, ಚಳಿಯಿಂದ ಸಾವು ಎಂದೇ ಇತ್ತು. ಎಲ್ಲ ಹೊಂದಿಕೊಂಡಿತ್ತು, ಕಡತ ಮುಚ್ಚಿತ್ತು.

"ಪುರೋಹಿತರ ಹತ್ತಿರ ಲೋಕೇಶ ಬಾಯಿ ತಪ್ಪಿ ಹೇಳಿರಬೇಕು," ಎಂದ ಕಾನ್‌ಸ್ಟೇಬಲ್ ಡೇವಿಸ್.

"ನಮ್ಮವರು ಬೇರೆ ಎಲ್ಲಾದರೂ ತಪ್ಪುತ್ತಾರೆ, ತಿಥಿಯಲ್ಲಿ ತಪ್ಪುವುದಿಲ್ಲ," ಎಂದಳು ಪ್ರಾಚಿ.

ಇಬ್ಬರೂ ಹೇಸ್‌ಗೆ ಹೋಗಿ ಆ ಪುರೋಹಿತರು, ಆನಂದತೀರ್ಥಾಚಾರ್ಯರನ್ನು ವಿಚಾರಿಸಿದರು. "ಎರಡು ಸಲ ಕೇಳ್ದೆನಮ್ಮ. ಜೀವ ಹೋಗಿದ್ದು ಶನಿವಾರ ಸಂಜೆ, ಇನ್ನೂ ಬೆಳಕಿತ್ತು ಅಂದ. ಹೇಳ್ತಾ ಅಳ್ತಿದ್ದ," ಎಂದರು ಅವರು.

ಅಲ್ಲಿಂದ ಇಬ್ಬರೂ ನೇರವಾಗಿ ಲೋಕೇಶನ ಬಾಡಿಗೆ ಮನೆಗೆ ಹೋದರು.

"ದೋಣಿ ಮಗುಚಿದ್ದು ಯಾವಾಗ?"

"ಭಾನುವಾರ."

"ಆಚಾರ್ಯರಿಗೆ ಶನಿವಾರ ಅಂದಿದ್ದೀರಿ."

ಲೋಕೇಶ ಕುಸಿದು ಕೂತ. "ಪೊಲೀಸ್ನೋರಿಗೆ ಸುಳ್ಳು ಹೇಳ್ಬೋದು ಮೇಡಂ. ಸತ್ತೋನ ಪಿಂಡಕ್ಕೆ ಹೇಗೆ ಹೇಳ್ಲಿ?"

"ಸಂಜೆಯೇ ಯಾಕೆ ಕರೆಯಲಿಲ್ಲ? ಫೋನ್ ಇರಲಿಲ್ಲವಾ?"

"ಸ್ಯಾಟಲೈಟ್ ಫೋನ್ ಜೇಬಲ್ಲೇ ಇತ್ತು. ನಾನು ದಡ ಸೇರ್ದೆ, ಅವನು ನಡುಬಂಡೆ ಹಿಡ್ಕೊಂಡು ಕೂಗ್ತಿದ್ದ. ನನ್ನ ವೀಸಾ ಆಫೀಸ್ ಕೆಲಸಕ್ಕೆ ಮಾತ್ರ. ಸಂದೀಪನಂಥೋರ ಹತ್ರ ದುಡ್ಡು ತಗೊಂಡು ನದಿ ಟ್ರಿಪ್ ಮಾಡ್ತಿದ್ದೆ ಅಂತ ಗೊತ್ತಾದ್ರೆ ವಾಪಸ್ ಕಳಿಸ್ತಾರೆ. ಅವನು ಬದುಕಿ ಬಂದ್ರೆ ಹೇಳ್ತಿದ್ದ. ಯೋಚ್ನೆ ಮಾಡ್ತಾ ಟೆಂಟಲ್ಲಿ ಕೂತೆ. ಕತ್ತಲಾಗೋಕೆ ಮುಂಚೆ ಕೂಗು ನಿಂತೋಯ್ತು. ಬೆಳಗ್ಗೆ ಫೋನ್ ಮಾಡಿ, ಈಗ ತಾನೇ ಮಗುಚ್ತು ಅಂದೆ."

"ಸತ್ತರು ಅಂದುಕೊಂಡಿರಾ?"

"ಹೂಂ."

"ಸತ್ತದ್ದು ಬೆಳಗಿನ ಜಾವ ಅಂತ ಡಾಕ್ಟರ ವರದಿ. ಕೂಗು ನಿಂತ ಮೇಲೂ ರಾತ್ರಿಯೆಲ್ಲ ಬದುಕಿದ್ದರು ಲೋಕೇಶ್."

ನಿರ್ಲಕ್ಷ್ಯದಿಂದಾದ ನರಹತ್ಯೆಯ ಆರೋಪದ ಮೇಲೆ ಡೇವಿಸ್ ಅವನನ್ನು ಬಂಧಿಸಿದ. ಈ ದೇಶದಲ್ಲಿ ಕಾಯಂ ನೆಲೆಸುವ ಅನುಮತಿ ಸಿಗಲು ಅವನಿಗೆ ಇನ್ನು ಕೆಲವೇ ವಾರ ಬಾಕಿ ಇತ್ತು. ಅವನಿಗೆ ಸಂದೀಪನ ಮೇಲೆ ದ್ವೇಷವೇನೂ ಇರಲಿಲ್ಲ. ಗಡೀಪಾರಿನ ಭಯ ಒಂದೇ ಇತ್ತು. ಅಷ್ಟಕ್ಕೆ ಒಂದು ಜೀವ ಹೋಗಿತ್ತು.

ಮಧ್ಯಾಹ್ನ ಅವಳೇ ಕಲ್ಯಾಣಿಯ ಫ್ಲಾಟಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

"ಹಾಗಾದ್ರೆ ತ್ರಯೋದಶಿ," ಎಂದಳು ಕಲ್ಯಾಣಿ. ಆಮೇಲೆ ಕೇಳಿದಳು: "ದಡದಲ್ಲಿ ಟೆಂಟಿನ ದೀಪ ಉರೀತಿತ್ತಾ ಮೇಡಂ? ಅವರಿಗೆ ಅದು ಕಾಣ್ತಿತ್ತಾ?"