ಕರಡಿಯಾದ ಅಣ್ಣ, ಬಿಂಬ ಹಿಡಿದ ತಂಗಿ

ಬಹಳ ಹಿಂದೆ, ಬಿಸಿಲಿಗೂ ಬಗೆಬಗೆಯ ಹೆಸರಿಟ್ಟು ಕರೆಯುತ್ತಿದ್ದ ಹೊಳಪೂರು ಎಂಬ ರಾಜ್ಯದಲ್ಲಿ ಮಲ್ಲಾಣಿ ಎಂಬ ಹುಡುಗಿಯಿದ್ದಳು. ಮಾತು ಕಡಿಮೆ, ನೋಟ ಸದಾ ನೆಲದ ಮೇಲೆ. ಅವಳ ಬಳಿ ಅಜ್ಜಿ ಕೊಟ್ಟ ಬಿಂಬಪೆಟ್ಟಿಗೆಯೊಂದಿತ್ತು. ಮುಚ್ಚಳ ತೆಗೆದರೆ ಸಾಕು, ಎದುರಿಗಿದ್ದದ್ದು ಒಳಗಿನ ಗಾಜಿನ ಮೇಲೆ ಬಂದು ಕೂರುತ್ತಿತ್ತು.

ಆ ರಾಜ್ಯವನ್ನು ಮಾಂತ್ರಿಕ ಜಾಲೇಂದ್ರ ಕಾಡುತ್ತಿದ್ದ. ಅವನ ನಿಜರೂಪ ಬೇರೆಯೇ ಇದೆ, ಅದು ಊರ ಕಣ್ಣಿಗೆ ಬಿದ್ದ ದಿನ ಅವನ ಮಾಯೆ ಮುಗಿಯಿತು ಎಂದು ಅಜ್ಜಿ ಹೇಳುತ್ತಿದ್ದಳು. ಅವನು ಹೊರಗೆ ಬರುತ್ತಿದ್ದದ್ದು ನಡುಮಧ್ಯಾಹ್ನ ಮಾತ್ರ, ನೆರಳು ಕಾಲಡಿ ಅಡಗಿರುವಾಗ.

ಒಮ್ಮೆ ಮಲ್ಲಾಣಿಯ ಅಣ್ಣ ಚೆನ್ನಿಗ ಅವನ ಮೀಸೆ ನೋಡಿ ಕಿಸಕ್ಕನೆ ನಕ್ಕ. ಜಾಲೇಂದ್ರ ಅವನನ್ನು ಕರಡಿ ಮಾಡಿಬಿಟ್ಟ.

"ಸ್ವಾಮಿ, ನಮ್ಮಣ್ಣನ್ನ ಬಿಟ್ಟುಬಿಡಿ," ಎಂದಳು ಮಲ್ಲಾಣಿ, ನೆಲ ನೋಡುತ್ತಲೇ.

"ಬಿಡೋಣವಂತೆ! ನಾಳೆ ಹೊತ್ತು ಮುಳುಗುವುದರೊಳಗೆ ನಾನು ಹೇಳಿದ ಮೂರು ಬಿಂಬ ಹಿಡಿ. ಮೂರರಲ್ಲೂ ಕಣ್ಣೊಳಗಿನ ಮಿಣುಕು ಕಾಣಬೇಕು. ಒಂದು ತಪ್ಪಿದರೂ ನೀನೂ ಕರಡಿ. ಅಣ್ಣ ತಂಗಿ ಜೇನು ನೆಕ್ಕಿಕೊಂಡಿರಿ!"

ಮೊದಲನೆಯದು ನಡುಮಧ್ಯಾಹ್ನದ ಬಿಳಿಹಂಸ. ಸುಡುಬಿಸಿಲಿಗೆ ಅದು ಸುಣ್ಣದ ಗೋಡೆಯಂತೆ ಕಣ್ಣು ಕುಕ್ಕುತ್ತಿತ್ತು. ಮಲ್ಲಾಣಿ ಅವಲಕ್ಕಿ ಚೆಲ್ಲುತ್ತಾ ಅದನ್ನು ಹೊಂಗೆಮರದ ನೆರಳಿನಂಚಿಗೆ ಕರೆತಂದಳು. ಬೆಳಕು ನೋಡಿದಳು, ಉಸಿರು ಬಿಗಿಹಿಡಿದಳು, ಮುಚ್ಚಳ ತೆಗೆದಳು. ಮಿಣುಕು ಸಿಕ್ಕಿತು!

ಎರಡನೆಯದು ಕರಡಿ, ಅವಳಣ್ಣನೇ! ಬಿಸಿಲಲ್ಲಿ ಅವನು ಬರೀ ಮಸಿಮುದ್ದೆ. ಮೋಡ ಬರುವವರೆಗೂ ಕಾದಳು. ಮೋಡ ಬಂತು, ಬೆಳಕು ಹಾಲಿನಂತೆ ಮೆತ್ತಗಾಯಿತು, ಒಂದೊಂದು ಕೂದಲೂ ಕಂಡಿತು.

"ಅಣ್ಣಾ, ಮೂಗು ಕೆರ್ಕೋಬೇಡ್ವೋ! ಒಂದು ಗಳಿಗೆ ಸುಮ್ನಿರು."

ಕರಡಿ ಗುರ್ರೆಂದು ಮುನಿಸಿಕೊಂಡು ಕೂತಿತು. ಬೆಳಕು ನೋಡಿದಳು, ಉಸಿರು ಬಿಗಿಹಿಡಿದಳು, ಮುಚ್ಚಳ ತೆಗೆದಳು. ಮಿಣುಕು ಸಿಕ್ಕಿತು!

ಜಾಲೇಂದ್ರನಿಗೆ ಉರಿದುಹೋಯಿತು. ಸೋಲಿಸುವ ಆತುರದಲ್ಲಿ ಎಚ್ಚರ ಮರೆತ. ಇಳಿಹೊತ್ತಿನಲ್ಲಿ ಮುಳುಗುವ ಸೂರ್ಯನಿಗೆ ಬೆನ್ನು ಹಾಕಿ ದಿಬ್ಬದ ಮೇಲೆ ನಿಂತ.

"ಮೂರನೆಯದು ನಾನೇ. ಹಿಡಿ ನೋಡೋಣ!"

ಅಲ್ಲಿ ನಿಂತರೆ ಮುಖವೆಲ್ಲ ಕಪ್ಪು, ಮಿಣುಕು ಎಲ್ಲಿಂದ ಬರಬೇಕು? ಮಲ್ಲಾಣಿಯ ಹಿಂದೆ ನೆರೆದಿದ್ದ ಜನ ಬಿಸಿಲಿಗೆ ಕಣ್ಣು ಮುಚ್ಚಿಕೊಂಡರು. ಮಲ್ಲಾಣಿ ಎಂದಿನಂತೆ ನೆಲ ನೋಡಿದಳು. ಅವನ ನೆರಳು ಉದ್ದಕ್ಕೆ ಚಾಚಿ ಅವಳ ಕಾಲ ಬಳಿಯೇ ಬಿದ್ದಿತ್ತು. ನೆರಳಿಗೊಂದು ಬಾಲವಿತ್ತು!

"ಹಾಗೇ ನಿಂತಿರಿ ಸ್ವಾಮಿ. ಸ್ವಲ್ಪ ಪಕ್ಕಕ್ಕೆ ತಿರುಗಿ. ಚೆನ್ನಾಗಿ ಕಾಣ್ತೀರಿ."

ಅವನು ಮೀಸೆ ತಿರುವುತ್ತಾ ತಿರುಗಿದ. ಬೆಳಕು ನೋಡಿದಳು, ಉಸಿರು ಬಿಗಿಹಿಡಿದಳು, ಮುಚ್ಚಳ ತೆಗೆದಳು.

"ಎಲ್ಲಿ ಮಿಣುಕು?" ಎಂದು ಗಹಗಹಿಸಿದ ಜಾಲೇಂದ್ರ.

"ಮಿಣುಕಿಲ್ಲ ಸ್ವಾಮಿ. ಬಾಲ ಇದೆ."

ಅವಳು ಗಾಜನ್ನು ಜನರತ್ತ ಎತ್ತಿ ಹಿಡಿದಳು. ಕೆಂಪು ಆಕಾಶದ ಮುಂದೆ, ನೆರಳಿನಲ್ಲಿದ್ದಂತೆಯೇ, ಕಪ್ಪಗೆ ಎರಡು ಕಿವಿ, ಉದ್ದ ಮೂತಿ, ಡೊಂಕು ಬಾಲ.

"ಅಯ್ಯೋ, ಹೆಗ್ಗಣ!" ಊರಿಗೆ ಊರೇ ನಕ್ಕಿತು. ಆ ನಗೆಗೆ ಮಾಯೆ ಕರಗಿತು. ಜಾಲೇಂದ್ರ ಹೆಗ್ಗಣವಾಗಿ ಬಿಲ ಹೊಕ್ಕ. ಮೀಸೆ ಮಾತ್ರ ಹಾಗೇ ಇತ್ತು.

ಹಂಸವೂ ಹಿಂದೆ ಅವನ ಮಾಯೆಗೆ ಸಿಕ್ಕಿದ್ದ ಅರಮನೆಯ ಅಡುಗೆಭಟ್ಟನೇ; ಅದು ಮತ್ತೆ ಮನುಷ್ಯನಾಯಿತು, ಊರಿಗೆಲ್ಲ ಹೋಳಿಗೆ ಬಡಿಸಿತು. ಕರಡಿ ಚೆನ್ನಿಗನಾಗಿ ತಂಗಿಯನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಅಂದಿನಿಂದ ಹೊಳಪೂರಿನಲ್ಲಿ ಎಲ್ಲರೂ ಸುಖವಾಗಿದ್ದಾರೆ. ಮಲ್ಲಾಣಿ ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ ಅವಳಣ್ಣ ಇಂದಿಗೂ ಮೂಗು ಕೆರೆದುಕೊಳ್ಳುತ್ತಾನೆ.